ಸೀಸ ಬಿಟ್ಟು ತಾಮ್ರಕ್ಕೆ: ಬೇಟೆಯ ಗುಂಡು ಬದಲಾದ ಕಥೆ

1987ರ ಏಪ್ರಿಲ್ 19ರಂದು ಕ್ಯಾಲಿಫೋರ್ನಿಯಾದಲ್ಲಿ ಬಲೆ ಹಾಕಿ ಒಂದು ಗಂಡು ರಣಹದ್ದನ್ನು ಹಿಡಿದರು. ದಾಖಲೆಯಲ್ಲಿ ಅದಕ್ಕೆ ಎಸಿ-9 ಎಂದು ಹೆಸರು. ಅದು ಪಂಜರ ಸೇರಿದ ಮೇಲೆ ಬಯಲಲ್ಲಿ ಹಾರುವ ಕ್ಯಾಲಿಫೋರ್ನಿಯಾ ಕಾಂಡೋರ್ ಒಂದೂ ಉಳಿಯಲಿಲ್ಲ. ರೆಕ್ಕೆ ಬಿಚ್ಚಿದರೆ ಒಂಬತ್ತೂವರೆ ಅಡಿ ಅಗಲದ ಹಕ್ಕಿ ಅದು. 1982ರಲ್ಲಿ ಎಣಿಸಿದಾಗ ಇಡೀ ಲೋಕದಲ್ಲಿ ಇದ್ದದ್ದು ಬರೀ 22.

ಪಂಜರದಲ್ಲಿ ಮರಿ ಮಾಡಿಸಿ, 1992ರಿಂದ ಮತ್ತೆ ಕಾಡಿಗೆ ಬಿಡತೊಡಗಿದರು. ಬಿಟ್ಟ ಹಕ್ಕಿಗಳು ಮತ್ತೆ ಸಾಯತೊಡಗಿದವು. ರಕ್ತ ಪರೀಕ್ಷೆ ಮಾಡಿದರೆ ಸೀಸ ಸಿಗುತ್ತಿತ್ತು. ಈ ಸೀಸ ಎಲ್ಲಿಂದ ಬರುತ್ತದೆ? ಅಲ್ಲಿ ಜಿಂಕೆ ಹೊಡೆದವರು ಹೊಟ್ಟೆ ಸೀಳಿ, ಕರುಳು ಅಲ್ಲೇ ಬಿಟ್ಟು, ಮಾಂಸ ಮಾತ್ರ ಹೊತ್ತು ತರುತ್ತಾರೆ. ಆ ಕರುಳಿನ ರಾಶಿಗೆ ಹದ್ದು ಇಳಿಯುತ್ತದೆ. ರೈಫಲ್ ಗುಂಡಿನೊಳಗಿನ ಸೀಸ ಜಿಂಕೆಯ ಮೈಯಲ್ಲಿ ಚೂರುಚೂರಾಗಿ ಚದುರಿರುತ್ತದೆ. ಎಕ್ಸ್-ರೇ ತೆಗೆದರೆ ನಕ್ಷತ್ರ ಚೆಲ್ಲಿದ ಹಾಗೆ ಕಾಣುತ್ತದೆ, ಒಂದೇ ಜಿಂಕೆಯಲ್ಲಿ ನೂರಾರು ಚುಕ್ಕಿ. ಹದ್ದಿನ ಹೊಟ್ಟೆಯ ಆಮ್ಲ ಆ ಚೂರುಗಳನ್ನು ಕರಗಿಸಿಬಿಡುತ್ತದೆ. ಆಮೇಲೆ ನರ ಸೋಲುತ್ತದೆ, ತಿಂದದ್ದು ಕೆಳಗಿಳಿಯುವುದಿಲ್ಲ, ಅನ್ನಚೀಲ ತುಂಬಿದ್ದರೂ ಹಕ್ಕಿ ಹಸಿವಿನಿಂದ ಸಾಯುತ್ತದೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಹಾಗಾದರೆ ಗುಂಡಿಗೆ ಸೀಸವೇ ಯಾಕೆ ಬೇಕಿತ್ತು? ಸೀಸ ಭಾರ, ಮೆತ್ತಗೆ, ಅಗ್ಗ. ಸೌದೆ ಒಲೆಯಲ್ಲೇ ಕರಗಿಸಿ ಅಚ್ಚಿಗೆ ಹೊಯ್ಯಬಹುದು. 1880ರ ದಶಕದಲ್ಲಿ ಹೊಗೆಯಿಲ್ಲದ ಸಿಡಿಮದ್ದು ಬಂದು ಗುಂಡಿನ ವೇಗ ಒಮ್ಮೆಲೇ ಏರಿತು. ಬರಿ ಸೀಸ ಆ ವೇಗ ತಡೆಯಲಾರದೆ ನಳಿಗೆಗೆ ಮೆತ್ತಿಕೊಳ್ಳುತ್ತಿತ್ತು. ಅದಕ್ಕೇ ಮೇಲೆ ಗಟ್ಟಿ ಲೋಹದ ಕವಚ ಹಾಕಿದರು. ಆದರೆ ಪೂರ್ತಿ ಮುಚ್ಚಿದ ಗುಂಡು ಸೂಜಿಯ ಹಾಗೆ ತೂರಿ ಆಚೆ ಹೋಗುತ್ತಿತ್ತು. 1890ರ ದಶಕದಲ್ಲಿ ಕಲ್ಕತ್ತಾ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಮೂತಿಯ ಕಡೆ ಕವಚ ಬಿಟ್ಟು, ಸೀಸ ಹೊರಗೆ ಕಾಣುವ ಗುಂಡು ಮಾಡಿದರು. ಮೈಗೆ ತಗುಲಿದಾಗ ಅದರ ಮೂತಿ ಅರಳುತ್ತಿತ್ತು. ಈಗ ವಿಮಾನ ನಿಲ್ದಾಣ ಇರುವ ದಮ್‌ದಮ್ಮೇ ಅದು. 1899ರ ಹೇಗ್ ಘೋಷಣೆಯಲ್ಲಿ ಯುದ್ಧಕ್ಕೆ ಇಂಥ ಗುಂಡು ಬೇಡ ಎಂದಾಯಿತು. ಬೇಟೆಯಲ್ಲಿ ಮಾತ್ರ ಮೂತಿ ಅರಳುವ ಗುಂಡೇ ನೂರು ವರ್ಷ ಆಳಿತು.

ತಾಮ್ರದ ಗುಂಡು ಹುಟ್ಟಿದ್ದು ಹದ್ದಿಗಾಗಿ ಅಲ್ಲ. ಯೂಟಾದಲ್ಲಿ ಬಾರ್ನ್ಸ್ ಗುಂಡಿನ ಕಂಪನಿ ನಡೆಸುತ್ತಿದ್ದ ರ‍್ಯಾಂಡಿ ಬ್ರೂಕ್ಸ್‌ಗೆ ಬೇಕಿದ್ದದ್ದು ದೊಡ್ಡ ಪ್ರಾಣಿಯೊಳಗೆ ಒಡೆಯದೆ ಆಳಕ್ಕೆ ಇಳಿಯುವ ಗುಂಡು. ಕವಚವೂ ಸೀಸವೂ ಬೇರೆಬೇರೆ ಆಗುವುದೇ ತೊಂದರೆ ಅಲ್ವಾ? ಹಾಗಾದರೆ ಸೀಸವನ್ನೇ ತೆಗೆದರೆ ಹೇಗೆ? 1989ರಲ್ಲಿ ಎಕ್ಸ್-ಬುಲೆಟ್ ಮಾರುಕಟ್ಟೆಗೆ ಬಂತು. ಪೂರ್ತಿ ತಾಮ್ರ. ಮೂತಿಯಲ್ಲಿ ಒಂದು ತೂತು. ಮೈಗೆ ತಗುಲಿದಾಗ ಆ ತೂತು ನಾಲ್ಕು ದಳವಾಗಿ ಬಿಚ್ಚಿಕೊಂಡು ಎಕ್ಸ್ ಆಕಾರಕ್ಕೆ ಬರುತ್ತದೆ. ಸೀಸದ ಗುಂಡು ಎಷ್ಟೋ ಸಲ ತೂಕದ ಮೂರನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಇದು ಬಹುತೇಕ ಇಡಿಯಾಗಿ ಉಳಿಯುತ್ತದೆ.

ಇನ್ನು ನಿಜವಾದ ಕಷ್ಟಕ್ಕೆ ಬರೋಣ. ಅದು ಮನೆಯ ಮೇಜಿನ ಮೇಲೆ ನಡೆಯುವಂಥದ್ದು. ಅಮೆರಿಕದಲ್ಲಿ ಬಹಳ ಜನ ಬೇಟೆಗಾರರು ತೋಟಾವನ್ನು ತಾವೇ ತುಂಬುತ್ತಾರೆ. ಹೊಡೆದು ಖಾಲಿಯಾದ ಹಿತ್ತಾಳೆಯ ತೋಟಾ ತಂದು, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಚಿಕ್ಕ ಬಟ್ಟಲು) ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಒತ್ತುತ್ತಾರೆ. ಅಪ್ಪನ ಕಾಲದಿಂದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕ ಇರುತ್ತದೆ. ತಾಮ್ರಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಕಾರಣ ಸಾಂದ್ರತೆ. ಸೀಸ ಒಂದು ಘನ ಸೆಂಟಿಮೀಟರ್‌ಗೆ 11.3 ಗ್ರಾಂ ತೂಗಿದರೆ, ತಾಮ್ರ 9 ಗ್ರಾಂ ಕೂಡ ಇಲ್ಲ. ಅಗಲ ಅಷ್ಟೇ, ತೂಕವೂ ಅಷ್ಟೇ ಬೇಕೆಂದರೆ ಗುಂಡು ಉದ್ದವಾಗಲೇಬೇಕು. ಉದ್ದದ ಗುಂಡು ತೋಟಾದೊಳಗೆ ಮದ್ದಿನ ಜಾಗ ನುಂಗುತ್ತದೆ. ಗಾಳಿಯಲ್ಲಿ ತೂರಾಡದೆ ಹೋಗಲು ಜಾಸ್ತಿ ತಿರುಗಬೇಕಾಗುತ್ತದೆ. ಗುಂಡನ್ನು ತಿರುಗಿಸಲೆಂದು ನಳಿಗೆಯೊಳಗೆ ಕೊರೆದ ಸುರುಳಿ ಗೀರು ನಿಧಾನಕ್ಕೆ ತಿರುಗುವ ಹಳೆ ರೈಫಲ್ ಆದರೆ ಗುರಿ ಕೆಡುತ್ತದೆ. ಅದಕ್ಕೆ ಅನುಭವಿಗಳು ಒಂದು ಮೆಟ್ಟಿಲು ಇಳಿಯುತ್ತಾರೆ. 180 ಗ್ರೇನ್ (ಗುಂಡು ತೂಗುವ ಅಳತೆ, ಒಂದು ಗ್ರಾಂಗೆ ಸುಮಾರು 15 ಗ್ರೇನ್) ಸೀಸದ ಗುಂಡು ಬಳಸುತ್ತಿದ್ದವರು 150 ಅಥವಾ 165 ಗ್ರೇನ್ ತಾಮ್ರಕ್ಕೆ ಬರುತ್ತಾರೆ. ತೂಕ ಉಳಿಸಿಕೊಳ್ಳುವ ಗುಂಡಾದ್ದರಿಂದ ಹಗುರವಾದರೂ ಕೆಲಸ ಕೆಡುವುದಿಲ್ಲ.

ತಾಮ್ರ ಸೀಸದ ಹಾಗೆ ಅಮುಕಿಕೊಳ್ಳುವುದೂ ಇಲ್ಲ. ಗೀರುಗಳೊಳಗೆ ನುಗ್ಗುವಾಗ ಒತ್ತಡ ಏರುತ್ತದೆ. ಹಿಂದೆ ಅಳೆದ ಮದ್ದನ್ನೇ ಹಾಕಿದರೆ ಅಪಾಯ. ಆ ಗುಂಡಿಗೆಂದೇ ಕೊಟ್ಟಿರುವ ಪಟ್ಟಿ ನೋಡಿ, ಕೆಳಗಿನ ಅಳತೆಯಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಬೇಕು. ಮೊದಲ ಎಕ್ಸ್-ಬುಲೆಟ್ ನಳಿಗೆಯಲ್ಲಿ ತಾಮ್ರ ಮೆತ್ತಿಸುತ್ತದೆ ಎಂಬ ದೂರು ಬಹಳ ಇತ್ತು. 2003ರಲ್ಲಿ ಬಂದ ಹೊಸ ಗುಂಡಿನ ಮೈಗೆ ಸುತ್ತಲೂ ಉಂಗುರದಂಥ ಕಾಲುವೆ ಕೊರೆದರು. ಅದುಮಿದ ತಾಮ್ರಕ್ಕೆ ಸರಿಯಲು ಜಾಗ ಸಿಕ್ಕಿತು, ಒತ್ತಡ ಇಳಿಯಿತು, ಗುರಿಯೂ ಸುಧಾರಿಸಿತು. ಇಷ್ಟು ಚಿಕ್ಕ ಉಪಾಯ! ಇನ್ನೊಂದು ವಿಷಯ ಹಳಬರಿಗೆ ಒಪ್ಪಲು ಕಷ್ಟವಾಯಿತು. ಸೀಸದ ಗುಂಡನ್ನು ಗೀರು ಶುರುವಾಗುವ ಜಾಗಕ್ಕೆ ತಾಗುವಷ್ಟು ಹತ್ತಿರ ಕೂರಿಸುವುದು ವಾಡಿಕೆ. ತಾಮ್ರಕ್ಕೆ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಂತರ ಬಿಟ್ಟರೇ ಗುಂಡುಗಳು ಒಂದೇ ಕಡೆ ಬೀಳುವುದು ಹೆಚ್ಚು.

ವೇಗವೂ ಮುಖ್ಯ. ಸೆಕೆಂಡಿಗೆ ಸುಮಾರು 1,800ರಿಂದ 2,000 ಅಡಿಗಿಂತ ಕೆಳಗೆ ಇಳಿದರೆ ಎಷ್ಟೋ ತಾಮ್ರದ ಗುಂಡುಗಳ ದಳ ಸರಿಯಾಗಿ ಬಿಚ್ಚುವುದಿಲ್ಲ. ಪ್ರಾಣಿ ಗಾಯಗೊಂಡು ಓಡುತ್ತದೆ, ನರಳುತ್ತದೆ. ಹಾಗಾಗಿ ಎಷ್ಟು ದೂರದವರೆಗೆ ಹೊಡೆಯಬಹುದು ಎಂದು ಮೊದಲೇ ತಿಳಿದಿರಬೇಕು. ನೀರು ತುಂಬಿದ ಕ್ಯಾನುಗಳನ್ನು ಸಾಲಾಗಿ ಇಟ್ಟು ಹೊಡೆದು, ಗುಂಡು ಹೆಕ್ಕಿ, ದಳ ನೋಡಿ, ತೂಗಿ ಬರೆದುಕೊಳ್ಳುತ್ತಾರೆ. ಈ ತಾಳ್ಮೆ ನನಗೆ ಇಷ್ಟವಾಗುತ್ತದೆ.

ಕಾನೂನು ಬಂದದ್ದು ನಿಧಾನಕ್ಕೆ. 2008ರ ಜುಲೈಯಿಂದ ಕ್ಯಾಲಿಫೋರ್ನಿಯಾ, ಕಾಂಡೋರ್ ಇರುವ ಪ್ರದೇಶದಲ್ಲಿ ದೊಡ್ಡ ಪ್ರಾಣಿ ಬೇಟೆಗೆ ಸೀಸ ನಿಲ್ಲಿಸಿತು. 2013ರಲ್ಲಿ ಇನ್ನೊಂದು ಕಾಯ್ದೆ ಮಾಡಿತು. 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬಂದೂಕಿನ ಬೇಟೆಗೆ ಸೀಸ ಇಲ್ಲ. ಅರಿಝೋನಾ ಬೇರೆ ದಾರಿ ಹಿಡಿಯಿತು. 2005ರಿಂದ ಕೈಬಾಬ್ ಪ್ರಸ್ಥಭೂಮಿಯ ಬೇಟೆಗಾರರಿಗೆ ಸೀಸವಿಲ್ಲದ ತೋಟಾವನ್ನು ಪುಕ್ಕಟೆ ಹಂಚಿತು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಒಪ್ಪಿದರು. ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಮಾತ್ರ ಹಗ್ಗಜಗ್ಗಾಟ. 2017ರ ಜನವರಿಯಲ್ಲಿ ವನ್ಯಜೀವಿ ಸೇವೆ ತನ್ನ ಜಾಗಗಳಲ್ಲಿ ಸೀಸ ಬೇಡ ಎಂದು ಆದೇಶ ಹೊರಡಿಸಿತು. ಮಾರ್ಚ್ 2ರಂದು ಹೊಸ ಸಚಿವರು ಕೆಲಸಕ್ಕೆ ಬಂದ ಮೊದಲ ದಿನವೇ ಅದನ್ನು ರದ್ದು ಮಾಡಿದರು. ನನ್ನ ಪ್ರಕಾರ ಅದು ತಪ್ಪು. 2022ರಲ್ಲಿ ಪ್ರಕಟವಾದ ಅಧ್ಯಯನ 38 ರಾಜ್ಯಗಳ 1,210 ಈಗಲ್‌ಗಳನ್ನು (ರಣಹದ್ದಲ್ಲ, ಬೇಟೆಯಾಡುವ ಹದ್ದು) ಪರೀಕ್ಷಿಸಿತ್ತು. ಸುಮಾರು ಅರ್ಧದಷ್ಟು ಹಕ್ಕಿಗಳ ಮೂಳೆಯಲ್ಲಿ ದೀರ್ಘಕಾಲದ ಸೀಸದ ವಿಷ ಇತ್ತು.

ನಮಗೆ ಇದು ತೀರಾ ದೂರದ ಕಥೆಯಲ್ಲ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆ ಹಾಕಿದೆ, ಆದ್ದರಿಂದ ಗುಂಡಿನ ಪ್ರಶ್ನೆ ನಮ್ಮದಲ್ಲ. ಆದರೆ ದನಕ್ಕೆ ಕೊಟ್ಟ ನೋವಿನ ಔಷಧಿ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು ನಮ್ಮ ರಣಹದ್ದುಗಳನ್ನು ಮುಗಿಸಿತು. 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿ, ಬದಲಿಗೆ ಮೆಲಾಕ್ಸಿಕ್ಯಾಂ ಎಂಬ ಔಷಧಿ ಕೊಡಿ ಎಂದರು. ರಾಮನಗರದ ರಾಮದೇವರ ಬೆಟ್ಟದ ಬಂಡೆಯಲ್ಲಿ ಕೂತ ಬೆರಳೆಣಿಕೆಯ ಹದ್ದುಗಳನ್ನು ನೋಡಿದವರಿಗೆ ಕಾಂಡೋರ್ ಕಥೆ ಬೇಗ ಅರ್ಥವಾಗುತ್ತದೆ.

2022ರಲ್ಲಿ ಯುರೊಕ್ ಬುಡಕಟ್ಟಿನವರು ಉತ್ತರ ಕ್ಯಾಲಿಫೋರ್ನಿಯಾದ ತಮ್ಮ ನೆಲಕ್ಕೆ ಕಾಂಡೋರ್ ವಾಪಸ್ ತಂದರು. ಅವರು ಬಿಟ್ಟ ಹಕ್ಕಿಗಳಲ್ಲಿ ಒಂದು 2025ರ ಜನವರಿಯಲ್ಲಿ ಸೀಸದ ವಿಷದಿಂದ ಸತ್ತಿತು. ಅದರ ಹೊಟ್ಟೆಯಲ್ಲಿ ಸಿಕ್ಕಿದ್ದು ಏರ್‌ಗನ್ನಿನ ಒಂದು ಸಣ್ಣ ಪೆಲೆಟ್. ಕ್ಯಾಲಿಫೋರ್ನಿಯಾದ ಕಾಯ್ದೆ ಹೇಳುವುದು ಮದ್ದಿನಿಂದ ಸಿಡಿಯುವ ಬಂದೂಕಿನ ಮಾತು. ಏರ್‌ಗನ್ ಅದರ ಹೊರಗೇ ಉಳಿದಿದೆ.