ಹಳಿ ಮೇಲೆ ನಡೆಯದೆ ಘಾಟಿಯ ರೈಲು ನೋಡುವುದು ಹೇಗೆ?

ಪ್ರಶ್ನೆ: ನಾವು ಮಂಗಳೂರಿನ ನಾಲ್ವರು ಗೆಳೆಯರು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಎಡಕುಮೇರಿ ಕಡೆ ಹಳಿ ಮೇಲೆ ಚಾರಣ ಮಾಡಿ, ರಾತ್ರಿ ಅಲ್ಲೇ ಟೆಂಟ್ ಹಾಕಿ ರೈಲು ನೋಡಬೇಕು ಅಂತ ಆಸೆ. ಹೋಗಬಹುದಾ?

ಉತ್ತರ: ರೈಲು ನೋಡಲು ಖಂಡಿತ ಹೋಗಿ. ಹಳಿ ಮೇಲೆ ಮಾತ್ರ ಬೇಡ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಹಳಿಗೆ ಇಳಿದರೆ ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ನನ್ನ ಚಿಂತೆ ದಂಡದ್ದಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ. ತಿರುವಿನ ಮೇಲೆ ತಿರುವು. ಘಾಟಿ ಇಳಿಯುವ ಗಾಡಿಗೆ ಏರುವ ಗಾಡಿಯಷ್ಟು ಅಬ್ಬರ ಇರುವುದಿಲ್ಲ. ಹೊಳೆ ಸದ್ದಿನಲ್ಲಿ ಹತ್ತಿರ ಬರುವವರೆಗೂ ಗೊತ್ತಾಗದೇ ಇರಬಹುದು. ಆಗ ನೀವು ಸೇತುವೆ ನಡುವೆ ಇದ್ದರೆ ಓಡುವುದಾದರೂ ಎಲ್ಲಿಗೆ?

ಅದರ ಬದಲು ನೆಟ್ಟಣಕ್ಕೆ ಹೋಗಿ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವುದು ಅಲ್ಲೇ. ಮಂಗಳೂರು ಸೆಂಟ್ರಲ್‌ನಿಂದ ಪ್ಯಾಸೆಂಜರ್ ಗಾಡಿ ಇದೆ. ಡಬ್ಬಿಯಲ್ಲಿ ನಾಲ್ಕು ಬನ್ಸ್ ಕಟ್ಟಿಕೊಂಡು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಸುಮ್ನೆ ಕೂತುಕೊಳ್ಳಿ. ಘಾಟಿ ಏರುವ ಗೂಡ್ಸ್ ಗಾಡಿ ಬಂದರೆ ನಿಮ್ಮ ದಿನ ಸಾರ್ಥಕ.

ಇಲ್ಲಿಂದ ಮೇಲಕ್ಕೆ ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ನಮ್ಮ ಬೈಕಿಗೆ ಇದು ಏರೇ ಅಲ್ಲ. ಆದರೆ ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ, ಹಿಡಿತ ತೀರಾ ಕಡಿಮೆ. ಮಂಗಳೂರಿನ ಬಂದರು ಇರುವ ಪಣಂಬೂರಿನಿಂದ ಲೋಡ್ ಆಗಿ ಬಂದ ಗಾಡಿಯನ್ನು ಮುಂದಿನ ಎಂಜಿನ್ ಮಾತ್ರ ಎಳೆದರೆ ಸಾಲುವುದಿಲ್ಲ. ಎಲ್ಲ ಎಂಜಿನ್‌ಗಳನ್ನೂ ಮುಂದೆಯೇ ಕಟ್ಟಿದರೆ ಮೊದಲ ವ್ಯಾಗನ್‌ಗಳ ಕೊಂಡಿ ಮೇಲೆ ಎಳೆತ ಜಾಸ್ತಿಯಾಗುತ್ತದೆ. ಅದಕ್ಕೇ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಸೇರಿಸುತ್ತಾರೆ. ಅದೇ ಬ್ಯಾಂಕರ್.

ಬ್ಯಾಂಕರ್ ಸೇರಿಸಿದ ಗಾಡಿ ಹೊರಡುವುದನ್ನು ನೋಡಬೇಕು ನೀವು. ಮುಂದಿನ ಎಂಜಿನ್ ಹಾರ್ನ್ ಹಾಕುತ್ತದೆ, ಎಷ್ಟೋ ದೂರದ ಹಿಂದಿನಿಂದ ಇನ್ನೊಂದು ಓಗೊಡುತ್ತದೆ. ಆಮೇಲೆ ಕೊಂಡಿಗಳು ಟಣ್ ಟಣ್ ಅಂತ ಸದ್ದು ಮಾಡುತ್ತವೆ. ಆ ಸದ್ದು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಹಳಿ ಒದ್ದೆಯಾಗಿದ್ದರೆ ಎಂಜಿನ್ನಿನ ಚಕ್ರದ ಹತ್ತಿರ ಕಣ್ಣಿಟ್ಟು ನೋಡಿ. ಸಣ್ಣ ಪೈಪಿನಿಂದ ಹಳಿ ಮೇಲೆ ಮರಳು ಉದುರುತ್ತದೆ, ಚಕ್ರ ಜಾರದಿರಲಿ ಅಂತ. ಘಾಟಿ ಇಳಿದು ಬಂದ ಗಾಡಿಯದ್ದು ಬೇರೆಯೇ ಗುರುತು: ಕಾದ ಬ್ರೇಕಿನ ವಾಸನೆ. ನನಗೆ ಅದು ಬಂತೆಂದರೆ ಘಾಟಿಯೇ ಎದುರು ಬಂದು ನಿಂತ ಹಾಗೆ.

ಮರುದಿನ ಹಗಲಿನ ಎಕ್ಸ್‌ಪ್ರೆಸ್ ಹಿಡಿದು ಸಕಲೇಶಪುರಕ್ಕೆ ಹೋಗಿ. ಹಗಲು ಗಾಡಿಗಳು ಎಲ್ಲ ದಿನ ಒಂದೇ ಅಲ್ಲ, ದಿನ ನೋಡಿಯೇ ಟಿಕೆಟ್ ಮಾಡಿ. 2021ರ ಜುಲೈಯಿಂದ ಈ ದಾರಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಬಂದಿದೆ, ದುಬಾರಿ. ಸಾಮಾನ್ಯ ಬೋಗಿಯ ಕಿಟಕಿಯೂ ಸಾಕು ಅನ್ನುವುದು ನನ್ನ ಅಭಿಪ್ರಾಯ. ಘಾಟಿಯಲ್ಲಿ ಗಾಡಿ ನಿಧಾನಕ್ಕೇ ಹೋಗುತ್ತದೆ. ಬಾಗಿಲಲ್ಲಿ ಮಾತ್ರ ನೇತಾಡಬೇಡಿ.

ಇನ್ನು ಟೆಂಟ್. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನಲ್ಲಿ ಹಾಕುವ ಹಾಗಿಲ್ಲ. ಸಕಲೇಶಪುರದ ಸುತ್ತ ಆನೆ ಓಡಾಟವೂ ಇದೆ. ಕಾಫಿ ತೋಟದ ಹೋಂಸ್ಟೇಗಳಲ್ಲಿ ಟೆಂಟಿಗೆ ಜಾಗ ಕೊಡುವವರಿದ್ದಾರೆ, ಮೊದಲೇ ಕೇಳಿಕೊಳ್ಳಿ. ಉಂಬಳಕ್ಕೆ (ಜಿಗಣೆಗೆ) ಸ್ವಲ್ಪ ಸುಣ್ಣ, ಹೊಗೆಸೊಪ್ಪು ಇಟ್ಟುಕೊಳ್ಳಿ.

ಜೋರು ಮಳೆಯಲ್ಲಿ ಈ ಪ್ಲ್ಯಾನ್ ಬೇಡ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ಸ್ಟೇಷನ್‌ಗಳ ನಡುವೆ ಗುಡ್ಡ ಕುಸಿದು ಎಷ್ಟೋ ದಿನ ಗಾಡಿಯೇ ಇರಲಿಲ್ಲ. ಅಕ್ಟೋಬರ್, ನವೆಂಬರ್ ಒಳ್ಳೆಯದು. ತೊರೆಗಳು ಇನ್ನೂ ಹರಿಯುತ್ತಿರುತ್ತವೆ. ಹಳಿ ಹತ್ತಿರದ ತೋಟವಾದರೆ ರಾತ್ರಿ ಟೆಂಟಿನೊಳಗೆ ಮಲಗಿದಲ್ಲೇ ರೈಲು ಕೇಳಿಸುತ್ತದೆ. ಸುರಂಗ ಹೊಕ್ಕಾಗ ಸದ್ದು ಅಡಗುತ್ತದೆ. ಹೊರಬಂದಾಗ ಮತ್ತೆ ಶುರು, ಮೊದಲಿಗಿಂತ ಸ್ವಲ್ಪ ಮೇಲಿನಿಂದ.