ಟೆನ್ಸರ್ ಬಿಡಿಸಿದ ಮೇಲೂ ಕೋನ ತಪ್ಪುವುದೇಕೆ?

77 ಗಿಗಾಹರ್ಟ್ಸ್‌ನ ವಾಹನ ರೇಡಾರ್‌ಗಳಲ್ಲಿ 3 ಪ್ರಸಾರ ಆಂಟೆನಾ, 4 ಗ್ರಾಹಕ ಆಂಟೆನಾ ಇರುವ ಬೋರ್ಡ್ ತೀರಾ ಸಾಮಾನ್ಯ. ಗುರಿಯಿಂದ ಮರಳುವ ಅಲೆ ಒಂದೊಂದು ಆಂಟೆನಾಗೆ ಒಂದೊಂದು ಫೇಸ್‌ನಲ್ಲಿ (ಅಲೆಯ ಹಂತ) ಮುಟ್ಟುತ್ತದೆ; ಆ ವ್ಯತ್ಯಾಸದಿಂದಲೇ ಗುರಿಯ ಕೋನ ತಿಳಿಯುತ್ತದೆ. ಪ್ರಸಾರ ಆಂಟೆನಾಗಳು ಸರದಿಯಂತೆ ಚಿರ್ಪ್ (ಆವರ್ತನ ಏರುತ್ತ ಹೋಗುವ ಅಲೆ) ಬಿಡುತ್ತವೆ. ಸರದಿಯ ಅಂತರ 60 ಮೈಕ್ರೊಸೆಕೆಂಡ್ ಇಟ್ಟುಕೊಳ್ಳೋಣ. ಎಫ್‌ಎಫ್‌ಟಿ (ಸಿಗ್ನಲ್ಲನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಹಾಕಿ ದೂರಗಳನ್ನು ಬೇರ್ಪಡಿಸಿದ ಮೇಲೆ, ಒಂದು ದೂರದ ಕೋಶದಲ್ಲಿ ಉಳಿಯುವುದು 3×4×64ರ ಟೆನ್ಸರ್, ಅಂದರೆ ಮೂರು ಆಯಾಮದ ಸಂಖ್ಯಾ ಕೋಷ್ಟಕ: ಪ್ರಸಾರ, ಗ್ರಾಹಕ, ಸುತ್ತು. ಮೂರೂ ಪ್ರಸಾರ ಆಂಟೆನಾಗಳು ಒಂದೊಂದು ಚಿರ್ಪ್ ಬಿಟ್ಟು ಮುಗಿಸಿದರೆ ಒಂದು ಸುತ್ತು. ಇದನ್ನು ಚಪ್ಪಟೆ ಮಾಡಿ 12 ಆಂಟೆನಾಗಳ ಒಂದೇ ಸಾಲೆಂದು ಓದುವ ರೂಢಿ ಚಲಿಸುವ ಗುರಿಗೆ ಒಗ್ಗುವುದಿಲ್ಲ.

ಗಂಟೆಗೆ 36 ಕಿ.ಮೀ. ವೇಗದ ಬೈಕು 60 ಮೈಕ್ರೊಸೆಕೆಂಡ್‌ನಲ್ಲಿ 0.6 ಮಿ.ಮೀ. ಸರಿಯುತ್ತದೆ. ಹೋಗಿ ಬರುವ ದಾರಿ 1.2 ಮಿ.ಮೀ. ಬದಲಾಯಿತು, ತರಂಗಾಂತರವೇ 3.9 ಮಿ.ಮೀ. ಅಂದರೆ ಪ್ರತಿ ಸರದಿಗೂ 111 ಡಿಗ್ರಿ ಫೇಸ್ ಜಾರುತ್ತದೆ. ಚಪ್ಪಟೆ ಸಾಲಿನಲ್ಲಿ ನಾಲ್ಕು ಆಂಟೆನಾಗೊಮ್ಮೆ ಈ ಜಿಗಿತ ಬಿದ್ದು, ಗುರಿಯ ಕೋನ ತೋರಿಸುವ ಶಿಖರ ಪಕ್ಕಕ್ಕೆ ಸರಿಯುತ್ತದೆ, ಜೊತೆಗೆ ಸುಳ್ಳು ಶಿಖರಗಳೂ ಏಳುತ್ತವೆ.

ಟೆನ್ಸರ್‌ನಲ್ಲಿ ಒಂದು ಗುರಿ ಎಂದರೆ ಪ್ರಸಾರ, ಗ್ರಾಹಕ, ಸುತ್ತು ಎಂಬ ಮೂರು ಕಂಬಸಾಲುಗಳ ಗುಣಲಬ್ಧ. ಟೆನ್ಸರನ್ನು ಗುರಿಗೊಂದರಂತೆ ಇಂಥ ಗುಣಲಬ್ಧಗಳಾಗಿ ಬಿಡಿಸುವುದೇ ವಿಭಜನೆ. ಜಾರಿದ ಫೇಸ್ ಪೂರ್ತಿಯಾಗಿ ಆ ಗುರಿಯ ಪ್ರಸಾರ ಸಾಲಿಗೇ ಸೇರುವುದರಿಂದ ವಿಭಜನೆ ಕೆಡುವುದಿಲ್ಲ. ಅದೇ ಗುರಿಯ ಸುತ್ತಿನ ಸಾಲಿನಿಂದ ವೇಗ ಓದಿ, ಪ್ರಸಾರ ಸಾಲಿನಿಂದ ಅಷ್ಟು ಫೇಸ್ ಕಳೆಯಬೇಕು. ಯಾವ ವೇಗ ಯಾವ ಕೋನದ್ದು ಎಂದು ಹುಡುಕುವ ಕೆಲಸವಿಲ್ಲ.

ಎಡವುವುದು ಇಲ್ಲೇ. ಒಂದು ಸುತ್ತಿಗೆ 180 ಮೈಕ್ರೊಸೆಕೆಂಡ್ ಹಿಡಿಯುವುದರಿಂದ ಸೆಕೆಂಡಿಗೆ ±5.4 ಮೀಟರ್ ದಾಟಿದ ವೇಗ ಮಡಚಿಕೊಳ್ಳುತ್ತದೆ. 10 ಮೀಟರ್ ಇದ್ದದ್ದು −0.8 ಎಂದು ಕಾಣುತ್ತದೆ. ಒಂದು ಮಡಿಕೆ ತಪ್ಪಿದರೆ ತಿದ್ದುಪಡಿ 120 ಡಿಗ್ರಿ ತಪ್ಪುತ್ತದೆ, ನೇರ ಎದುರಿನ ಗುರಿ 9.6 ಡಿಗ್ರಿ ಪಕ್ಕಕ್ಕೆ ಕಾಣುತ್ತದೆ. ಹೆಚ್ಚುವರಿ ತಿದ್ದುಪಡಿಯಾಗಿ 0, 120, 240 ಡಿಗ್ರಿ ಮೂರನ್ನೂ ಹಾಕಿ ನೋಡಿ, ಗ್ರಾಹಕ ಸಾಲು ಹೇಳುವ ಕೋನಕ್ಕೆ ಹೊಂದುವುದನ್ನು ಇಟ್ಟುಕೊಳ್ಳಿ. ನಾಲ್ಕೂ ಗ್ರಾಹಕಗಳು ಒಟ್ಟಿಗೇ ಕೇಳುವುದರಿಂದ ಅಲ್ಲಿ ಜಾರುವಿಕೆ ಇಲ್ಲ. ಕೋನ ಒರಟಾಗಿ ಸಿಕ್ಕರೂ ಸಾಕು, ಸಿಗ್ನಲ್ ಮಾತ್ರ ತೀರಾ ದುರ್ಬಲವಾಗಿರಬಾರದು. ಇದಕ್ಕೆ ಮುಂಚೆ ನೇರ ಎದುರಿಗೆ ಮೂಲೆ ಪ್ರತಿಫಲಕ (ಅಲೆಯನ್ನು ಬಂದ ದಿಕ್ಕಿಗೇ ಮರಳಿಸುವ ಲೋಹದ ಮೂಲೆ) ಇಟ್ಟು 12 ಚಾನೆಲ್‌ಗಳ ಫೇಸ್ ಸರಿಮಾಡಿಕೊಂಡಿರದಿದ್ದರೆ ಈ ಪರೀಕ್ಷೆಯೇ ದಾರಿ ತಪ್ಪಿಸುತ್ತದೆ.

ವೇಗ, ಕೋನ ಎಲ್ಲ ಬೇರೆಬೇರೆ ಇದ್ದರೆ ಗಣಿತಜ್ಞ ಕ್ರಸ್ಕಲ್ 1977ರಲ್ಲಿ ಕೊಟ್ಟ ನಿಯಮ, 5 ಗುರಿಗಳವರೆಗೆ ವಿಭಜನೆಗೆ ಒಂದೇ ಉತ್ತರ ಎಂಬ ಭರವಸೆ ಕೊಡುತ್ತದೆ. ಟ್ರಾಫಿಕ್ ಸಿಗ್ನಲ್‌ನಲ್ಲಿ ಅಕ್ಕಪಕ್ಕ ನಿಂತ ಎರಡು ಕಾರುಗಳಿಗೆ ಆ ಭರವಸೆಯೂ ಇಲ್ಲ: ವೇಗ ಒಂದೇ, 64 ಸುತ್ತುಗಳೂ ಒಂದೇ ಮಾತು ಹೇಳುತ್ತವೆ. ಉಳಿಕೆ ದೋಷ ಸೊನ್ನೆಯ ಹತ್ತಿರ ಬಂದರೂ ಸಾಲುಗಳು ಕಲಬೆರಕೆಯಾಗಿರುತ್ತವೆ. ಬೇರೆ ಆರಂಭದಿಂದ ಓಡಿಸಿದಾಗ ಬೇರೆ ಉತ್ತರ ಬಂದರೆ ಇದೇ ಕಾಯಿಲೆ ಎಂದು ತಿಳಿಯಿರಿ. ರೇಡಾರ್ ಹೊತ್ತ ವಾಹನವೂ ನಿಂತಿದ್ದರೆ ಫೇಸ್ ಜಾರುವುದಿಲ್ಲವಲ್ಲ, ಮೇಲೆ ಬೈದ ಚಪ್ಪಟೆ ಸಾಲೇ ಇಲ್ಲಿ ಮದ್ದು. 12ರಲ್ಲಿ 7ರ ತುಂಡುಗಳನ್ನು ಒಂದೊಂದೇ ಸರಿಸಿ 6 ತುಂಡು ತೆಗೆದು, ಅವುಗಳ ಸರಾಸರಿಯಿಂದ ಕೋನ ಹುಡುಕಿ.