ಕ್ಯಾಲೆಂಡರ್ ಮುಂದಿಟ್ಟುಕೊಂಡು ಕಲಿಯುವ ಪಾಠ

ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಸ್ತ್ರೀರೋಗ ಪೋಸ್ಟಿಂಗ್‌ನಲ್ಲಿ ಮಕ್ಕಳಾಗದ ದಂಪತಿಗಳ ಓಪಿಡಿ ಸಿಗುವುದು ಬೆರಳೆಣಿಕೆಯ ದಿನ. ಅಷ್ಟರಲ್ಲಿ ಎಲ್ಲರಿಗೂ ಐವಿಎಫ್ ಲ್ಯಾಬ್ ನೋಡುವ ಆಸೆ. ಸೂಜಿ ಅಂಡಾಣುವಿನೊಳಗೆ ಇಳಿಯುವುದನ್ನು ಪರದೆಯ ಮೇಲೆ ನೋಡಿದರೆ ಕಣ್ಣರಳುತ್ತದೆ, ನಿಜ. ಆದರೆ ನಾಳೆ ಮಾಗಡಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಕೂತಾಗ ಕೈಗೆ ಒದಗುವುದು ಅದಲ್ಲ, ದಿನ ಎಣಿಸುವ ಅಭ್ಯಾಸ. ಯಾವ ದಿನದ್ದು ಎಂದು ಗೊತ್ತಿಲ್ಲದ ಹಾರ್ಮೋನ್ ರಿಪೋರ್ಟ್‌ನಿಂದ ಈ ವಿಭಾಗದಲ್ಲಿ ಬಹುಪಾಲು ಏನನ್ನೂ ಹೇಳಲಾಗದು.

ಮೊದಲ ತಪ್ಪು ಹಿಸ್ಟರಿಯಲ್ಲೇ ಆಗುತ್ತದೆ. ಎಲ್‌ಎಂಪಿ ಅಂದರೆ ಕೊನೆಯ ಮುಟ್ಟಿನ ಸ್ರಾವ ಶುರುವಾದ ಮೊದಲ ದಿನ. "ಕೊನೇ ಸಲ ಡೇಟ್ ಆಗಿದ್ದು ಯಾವಾಗಮ್ಮಾ?" ಎಂದರೆ ಕೆಲವರು ಹೇಳುವುದು ತಲೆಗೆ ನೀರು ಹಾಕಿಕೊಂಡ ದಿನ, ಅಂದರೆ ಮೂರನೆಯದೋ ಐದನೆಯದೋ. ಇನ್ನು ಕೆಲವರು ಒಂದೆರಡು ಹನಿ ಕಲೆ ಕಂಡ ದಿನವನ್ನೇ ಹೇಳುತ್ತಾರೆ. ಹಾಗಾಗಿ ಪ್ರಶ್ನೆಯನ್ನು ಬಿಡಿಸಿ ಕೇಳಬೇಕು: ಕಲೆ ಕಂಡಿದ್ದು ಯಾವತ್ತು, ಪ್ಯಾಡ್ ಇಡುವಷ್ಟು ಆಗಿದ್ದು ಯಾವತ್ತು, ನೀರು ಹಾಕಿಕೊಂಡಿದ್ದು ಯಾವತ್ತು. ತಾರೀಖು ನೆನಪಿಲ್ಲದವರೂ "ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಮುಂಚೆ" ಎಂದು ಖಚಿತವಾಗಿ ಹೇಳುತ್ತಾರೆ. ಪೂಜೆಗೆ ಕೂರಲಾಗದ್ದನ್ನು ಮರೆಯುವವರು ಕಡಿಮೆ. ಮೇಜಿನ ಮೇಲೆ ಹಬ್ಬಗಳಿರುವ ಕ್ಯಾಲೆಂಡರ್ ಇರಲಿ. ಎಫ್‌ಎಸ್‌ಎಚ್ (ಅಂಡಾಶಯ ದಣಿದಷ್ಟೂ ಏರುವ ಹಾರ್ಮೋನ್), ಎಸ್ಟ್ರಡಿಯಾಲ್ (ಅಂಡಾಶಯದ್ದೇ ಹಾರ್ಮೋನ್) ಪರೀಕ್ಷೆಗಳನ್ನು ಮುಟ್ಟಿನ 2 ಅಥವಾ 3ನೇ ದಿನ ಮಾಡಿಸಬೇಕು. ಎಲ್‌ಎಂಪಿ ನಾಲ್ಕು ದಿನ ತಪ್ಪಿದರೆ ರಕ್ತ ತೆಗೆಯುವುದು 7ನೇ ದಿನ. ಅಷ್ಟರಲ್ಲಿ ಎಸ್ಟ್ರಡಿಯಾಲ್ ಏರಿ ಎಫ್‌ಎಸ್‌ಎಚ್ ಅನ್ನು ಕೆಳಗೆ ಒತ್ತಿರುತ್ತದೆ, ದಣಿದ ಅಂಡಾಶಯವೂ ಚೆನ್ನಾಗಿದೆ ಎಂಬಂತೆ ಕಾಣುತ್ತದೆ.

ಮದುವೆಯಾಗಿ ಎಷ್ಟು ವರ್ಷ ಎಂಬುದಕ್ಕಿಂತ ಒಟ್ಟಿಗಿದ್ದದ್ದು ಎಷ್ಟು ತಿಂಗಳು ಎಂಬುದು ಮುಖ್ಯ. ಗಂಡ ಹೊಸೂರಿನಲ್ಲಿ ಕೆಲಸ ಮಾಡಿ ಭಾನುವಾರ ಮಾತ್ರ ಮನೆಗೆ ಬರುವವರಾದರೆ, ಪೀಣ್ಯದ ಕಾರ್ಖಾನೆಯಲ್ಲಿ ಒಬ್ಬರದು ಹಗಲು ಪಾಳಿ, ಇನ್ನೊಬ್ಬರದು ರಾತ್ರಿ ಪಾಳಿಯಾದರೆ, ತಪಾಸಣೆಗೆ ಮುಂಚೆ ನೋಡುವ 12 ತಿಂಗಳ ಪ್ರಯತ್ನದ ಲೆಕ್ಕ ಕೂಡುವುದಿಲ್ಲ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೇ ತಪಾಸಣೆ ಶುರು ಮಾಡಬೇಕು. ಇದನ್ನೆಲ್ಲ ಕೇಳುವ ಮುಂಚೆ ಜೊತೆಗೆ ಬಂದ ಅತ್ತೆಯವರನ್ನು ಗೌರವದಿಂದಲೇ ಹೊರಗೆ ಕೂರಿಸಿ. ಗಂಡ ಹೆಂಡತಿಯನ್ನೂ ಸ್ವಲ್ಪ ಹೊತ್ತು ಬೇರೆ ಬೇರೆಯಾಗಿ ಮಾತಾಡಿಸಿ. ಹಿಂದಿನ ಗರ್ಭಪಾತವೋ, ಸೇರುವಾಗಿನ ತೊಂದರೆಯೋ ಆಗ ಹೊರಬರುತ್ತದೆ. 'ಬಂಜೆತನ' ಎಂಬ ಮಾತು ಪಠ್ಯದಲ್ಲೇ ಉಳಿಯಲಿ, ಆ ಕೋಣೆಯಲ್ಲಿ ಬೇಡ.

"21ನೇ ದಿನದ ಪ್ರೊಜೆಸ್ಟರಾನ್" (ಅಂಡಾಣು ಬಿಡುಗಡೆಯಾದ ಮೇಲೆ ಏರುವ ಹಾರ್ಮೋನ್) ಎಂದು ಬಾಯಿಪಾಠ ಮಾಡಿದವರು ಎಲ್ಲರಿಗೂ ಅದನ್ನೇ ಬರೆದುಕೊಡುತ್ತಾರೆ. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಮಾತ್ರ ಅದು ಸರಿ. 35 ದಿನಕ್ಕೊಮ್ಮೆ ಆಗುವವರಲ್ಲಿ ಅಂಡಾಣು ಹೊರಬರುವುದೇ 21ರ ಸುಮಾರಿಗೆ. ಅವತ್ತು ರಕ್ತ ತೆಗೆದರೆ 0.6 ಬರುತ್ತದೆ, "ಅಂಡಾಣು ಬಿಡುಗಡೆಯಾಗುತ್ತಿಲ್ಲ" ಎಂಬ ಹಣೆಪಟ್ಟಿ ಬೀಳುತ್ತದೆ, ಅಂಡಾಣು ಬೆಳೆಸುವ ಲೆಟ್ರೋಜೋಲ್ ಮಾತ್ರೆ ಬೇಡದಿದ್ದರೂ ಶುರುವಾಗುತ್ತದೆ. ಮುಂದಿನ ಮುಟ್ಟು ನಿರೀಕ್ಷಿಸುವ ದಿನದಿಂದ 7 ಕಳೆದರೆ ಪರೀಕ್ಷೆಯ ದಿನ ಸಿಗುತ್ತದೆ. ಇವರಿಗೆ ಅದು 28. ಮಿಲಿಲೀಟರ್‌ಗೆ 3 ನ್ಯಾನೊಗ್ರಾಂಗಿಂತ ಹೆಚ್ಚಿದ್ದರೆ ಅಂಡಾಣು ಬಿಡುಗಡೆಯಾಗಿದೆ ಎಂದರ್ಥ. ರಿಪೋರ್ಟ್ ಬಂದಮೇಲೂ ಕೆಲಸ ಮುಗಿಯದು. ಮುಟ್ಟು ಯಾವಾಗ ಬಂತೆಂದು ಫೋನ್ ಮಾಡಿ ಕೇಳಬೇಕು. ರಕ್ತ ಕೊಟ್ಟ ವಾರದೊಳಗೆ ಬಾರದೆ 15 ದಿನದ ಮೇಲೆ ಬಂದಿದ್ದರೆ ಆ ಕಡಿಮೆ ಅಂಕಿಯನ್ನು ನಂಬುವಂತಿಲ್ಲ.

ಗಂಡನ ತಪಾಸಣೆ ಮೊದಲ ಭೇಟಿಯಲ್ಲೇ ಆಗಬೇಕು. ಹೆಂಡತಿಗೆ ಹತ್ತು ಪರೀಕ್ಷೆ ಮುಗಿದ ಮೇಲೆ ಗಂಡನಿಗೊಂದು ಎನ್ನುವ ರೂಢಿ ವಿದ್ಯಾರ್ಥಿದೆಸೆಯಲ್ಲೇ ಕಡಿಯದಿದ್ದರೆ ಮುಂದೆ ಕಡಿಯುವುದು ಕಷ್ಟ. ವೀರ್ಯ ಪರೀಕ್ಷೆಗೆ ಹಿಂದಿನ ಸ್ಖಲನದಿಂದ 2ರಿಂದ 7 ದಿನಗಳ ಅಂತರ ಇರಬೇಕು. ಸಾಮಾನ್ಯ ಕಾಂಡೋಮ್, ಎಣ್ಣೆ, ಸೋಪು ಬಳಸಬಾರದು. ಲ್ಯಾಬ್‌ನ ಕೋಣೆಯಲ್ಲೇ ಕೊಡುವುದು ಉತ್ತಮ. ಮನೆಯಿಂದ ತರುವುದಾದರೆ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಬೆಳಿಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ದಾಟಿ ಬರಬೇಕಾದವರಿಗೆ ಇದು ಆಗದ ಮಾತು. ತಡವಾದಷ್ಟೂ ಚಲನೆ ಕುಗ್ಗುತ್ತದೆ, ಇಲ್ಲದ ದೋಷ ಕಾಗದದ ಮೇಲೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಮಿತಿ: ಪ್ರಮಾಣ 1.4 ಮಿಲಿಲೀಟರ್, ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣು, ಮುಂದಕ್ಕೆ ಚಲಿಸುವವು ಶೇ 30. ಪ್ರಮಾಣ ಕಡಿಮೆ ಬಂದರೆ ಮೊದಲು ಕೇಳಬೇಕಾದ್ದು "ಸ್ವಲ್ಪ ಚೆಲ್ಲಿತಾ?" ಎಂದು. ಹೆಚ್ಚಿನ ವೀರ್ಯಾಣುಗಳು ಇರುವುದು ಮೊದಲ ಭಾಗದಲ್ಲೇ. ಏನೂ ಚೆಲ್ಲಿಲ್ಲ, ವೀರ್ಯಾಣುವೂ ಇಲ್ಲ ಎಂದಾದರೆ ಬೀಜಚೀಲವನ್ನು ಮುಟ್ಟಿ ನೋಡಿ ವೀರ್ಯನಾಳ ಕೈಗೆ ಸಿಗುತ್ತದೆಯೇ ಪರೀಕ್ಷಿಸಿ. ಹುಟ್ಟಿನಿಂದಲೇ ನಾಳ ಇಲ್ಲದಿರುವುದನ್ನು ಬೆರಳುಗಳೇ ಹೇಳುತ್ತವೆ. 'ಸೊನ್ನೆ' ಎಂದು ದಂಪತಿಗೆ ತಿಳಿಸುವ ಮುಂಚೆ ಮಾದರಿಯನ್ನು ಸೆಂಟ್ರಿಫ್ಯೂಜ್ ಮಾಡಿ ತಳದ ಗಸಿಯಲ್ಲಿ ಹುಡುಕಿದ್ದಾರಾ ಎಂದು ಲ್ಯಾಬ್‌ಗೆ ಕೇಳಬೇಕು.

ಇಲ್ಲೂ ಕ್ಯಾಲೆಂಡರ್ ಬೇಕು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ. ಜುಲೈನಲ್ಲಿ ಬಂದ ಡೆಂಗಿ ಜ್ವರ ಸೆಪ್ಟೆಂಬರ್ ರಿಪೋರ್ಟ್‌ನಲ್ಲಿ ಕಾಣಬಹುದು. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು. ಜಿಮ್‌ನಲ್ಲಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡಿದ್ದಾರಾ ಎಂದು ನೇರವಾಗಿ ಕೇಳಿ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್ ಎರಡನ್ನೂ ಅಡಗಿಸಿ ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸುತ್ತದೆ. ಕೌಂಟ್ ಹೆಚ್ಚಿಸಲೆಂದು ಅದನ್ನೇ ಬರೆದುಕೊಡುವುದು ದೊಡ್ಡ ತಪ್ಪು.

ಹೆಂಡತಿಯ ರಕ್ತದಲ್ಲಿ ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಪಿಟ್ಯುಟರಿ ಹಾರ್ಮೋನ್) ಸ್ವಲ್ಪ ಹೆಚ್ಚಿದ್ದರೆ ಎಂಆರ್‌ಐಗೆ ಕಳಿಸುವ ಮುಂಚೆ ಬ್ಯಾಗ್‌ನಲ್ಲಿರುವ ಗ್ಯಾಸ್ಟ್ರಿಕ್ ಮಾತ್ರೆಯ ಹಾಳೆ ತಿರುಗಿಸಿ ಓದಿ. ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಇದ್ದರೆ ಕಾರಣ ಅದೇ ಇರಬಹುದು.

ಇನ್ನು ಗಂಟೆಯ ಲೆಕ್ಕ. ಅಂಡಾಣು ಇರುವ ಚೀಲ, ಅಂದರೆ ಕೋಶಕ, ದಿನಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. 18 ದಾಟಿದ ಮೇಲೆ ಅಂಡಾಣುವನ್ನು ಪಕ್ವಗೊಳಿಸುವ ಎಚ್‌ಸಿಜಿ ಇಂಜೆಕ್ಷನ್ ಕೊಟ್ಟು, ಐವಿಎಫ್‌ನಲ್ಲಿ ಸುಮಾರು 36 ಗಂಟೆಗೆ ಅಂಡಾಣು ತೆಗೆಯುತ್ತಾರೆ. ಶುಕ್ರವಾರ ಬೆಳಿಗ್ಗೆ 9ಕ್ಕೆ ಥಿಯೇಟರ್ ಎಂದರೆ ಇಂಜೆಕ್ಷನ್ ಬುಧವಾರ ರಾತ್ರಿ 9ಕ್ಕೆ. ಮನೆ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಹಾಕಿಸಿಕೊಳ್ಳುವವರಲ್ಲಿ ಒಂದು ಎಡವಟ್ಟು ಆಗುವುದುಂಟು: ಔಷಧಿ ಒಂದು ಸೀಸೆಯಲ್ಲಿ ಪುಡಿಯಾಗಿರುತ್ತದೆ, ಕರಗಿಸುವ ದ್ರವ ಬೇರೆ ಆಂಪೂಲ್‌ನಲ್ಲಿ. ಪುಡಿಗೆ ಬೆರೆಸದೆ ದ್ರವವನ್ನಷ್ಟೇ ಚುಚ್ಚಿಬಿಟ್ಟರೆ, ಶುಕ್ರವಾರ ಹತ್ತಾರು ಕೋಶಕಗಳನ್ನು ಹೀರಿದರೂ ಒಂದು ಅಂಡಾಣುವೂ ಸಿಗದಿರಬಹುದು. ಬಳಸಿದ ಸೀಸೆಯ ಫೋಟೊವನ್ನು ರಾತ್ರಿಯೇ ತರಿಸಿಕೊಂಡು ಪುಡಿ ಉಳಿದಿದೆಯಾ ನೋಡುವುದು, ಗುರುವಾರ ಬೆಳಿಗ್ಗೆ ರಕ್ತದಲ್ಲಿ ಎಚ್‌ಸಿಜಿ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು ಪೋಸ್ಟಿಂಗ್‌ನಲ್ಲಿರುವ ವಿದ್ಯಾರ್ಥಿಗೆ ವಹಿಸಬಹುದಾದ ಕೆಲಸ. ಗುರುವಾರವೇ ಗೊತ್ತಾದರೆ ಇಂಜೆಕ್ಷನ್ ಮತ್ತೆ ಕೊಟ್ಟು ಥಿಯೇಟರ್ ಸಮಯ ಮುಂದೂಡಲು ಇನ್ನೂ ಅವಕಾಶ ಇರುತ್ತದೆ.